ಕೊನೆಯ ನಮೂದಿನ ತಾರೀಖು: ಪಿ. ಎನ್. ಪಣಿಕ್ಕರ್ ಮತ್ತು ಊರ ಲೈಬ್ರರಿಯ ಕೆಲಸ

(ಓದುವ ದಿನದ ಅಂಗವಾಗಿ ಕಾಸರಗೋಡಿನ ಕನ್ನಡ ಗ್ರಂಥಾಲಯ ಕಾರ್ಯಕರ್ತರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹ ರೂಪ)

ಒಂದೂರಿನ ಲೈಬ್ರರಿ ಬದುಕಿದೆಯೋ ಇಲ್ಲವೋ ತಿಳಿಯಬೇಕಾದರೆ ಕಪಾಟು ಎಣಿಸಬೇಡಿ. ಪುಸ್ತಕ ಎರವಲು ಕೊಟ್ಟದ್ದನ್ನು ಬರೆಯುವ ಇಶ್ಯೂ ರಿಜಿಸ್ಟರ್ ತೆರೆದು ಕೊನೆಯ ನಮೂದಿನ ತಾರೀಖು ನೋಡಿ. ನಿನ್ನೆಯದ್ದಾದರೆ ಅದು ಲೈಬ್ರರಿ. ಮೂರು ತಿಂಗಳ ಹಿಂದಿನದಾದರೆ ಪುಸ್ತಕದ ಗೋದಾಮು. ಇವತ್ತು ಜೂನ್ 19. ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಣಿಕ್ಕರ್ ಫೋಟೋಕ್ಕೆ ಹಾರ ಹಾಕುವ ಮೊದಲು ಆ ಒಂದು ಪುಟವನ್ನು ನೋಡಿಕೊಂಡು ಬಂದರೆ ಅವರ ಬಗ್ಗೆ ಮಾತಾಡುವುದು ಸುಲಭವಾಗುತ್ತದೆ.

ಪುದುವಾಯಿಲ್ ನಾರಾಯಣ ಪಣಿಕ್ಕರ್ ಹುಟ್ಟಿದ್ದು 1909ರ ಮಾರ್ಚ್ 1ರಂದು, ನೀಲಂಪೇರೂರಿನಲ್ಲಿ. ಅದು ಕುಟ್ಟನಾಡಿನ ಊರು. ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ, ಕಾಲುವೆಯೇ ರಸ್ತೆಯಾಗಿದ್ದ ಸೀಮೆ. ವೃತ್ತಿಯಿಂದ ಶಾಲಾ ಮೇಷ್ಟ್ರು. 1926ರಲ್ಲಿ, ಅಂದರೆ ಹದಿನೇಳರ ವಯಸ್ಸಿನಲ್ಲಿ, ಊರಲ್ಲಿ ಸನಾತನಧರ್ಮ ಗ್ರಂಥಾಲಯ ಶುರುಮಾಡಿದರು. 1945ರ ಸೆಪ್ಟೆಂಬರ್ 14ರಂದು ಅಂಬಲಪ್ಪುಳದಲ್ಲಿ 47 ಹಳ್ಳಿ ಲೈಬ್ರರಿಗಳನ್ನು ಒಟ್ಟು ಸೇರಿಸಿ ತಿರುವಾಂಕೂರು ಗ್ರಂಥಶಾಲಾ ಸಂಘ ಕಟ್ಟಿದರು. ಕೇರಳ ರಾಜ್ಯ ಬಂದ ಮೇಲೆ ಅದೇ ಕೇರಳ ಗ್ರಂಥಶಾಲಾ ಸಂಘವಾಯಿತು. 32 ವರ್ಷ ಅದರ ಕಾರ್ಯದರ್ಶಿಯಾಗಿ ದುಡಿದರು. 1975ರಲ್ಲಿ ಸಂಘಕ್ಕೆ ಸಾಕ್ಷರತೆಗೆಂದು ಕೊಡುವ ಯುನೆಸ್ಕೋದ ಕ್ರುಪ್ಸ್ಕಾಯಾ ಪ್ರಶಸ್ತಿ ಬಂತು. 1977ರಲ್ಲಿ ಸಂಘವನ್ನು ಸರಕಾರ ವಹಿಸಿಕೊಂಡಾಗ ಅವರಿಗೆ 68. ಮನೆಯಲ್ಲಿ ಕೂರುವ ವಯಸ್ಸು. ಅದೇ ವರ್ಷ ಅನೌಪಚಾರಿಕ ಶಿಕ್ಷಣಕ್ಕೆಂದು ‘ಕಾನ್‌ಫೆಡ್’ ಶುರುಮಾಡಿದರು. 1995ರ ಜೂನ್ 19ರಂದು ತೀರಿಕೊಂಡರು. 1996ರಿಂದ ಕೇರಳದಲ್ಲಿ ಆ ದಿನ ‘ವಾಯನಾ ದಿನ’. 2017ರಿಂದ ದೇಶದಾದ್ಯಂತ ಓದುವ ದಿನ.

ಇಷ್ಟು ವಿವರ ಯಾವ ಭಾಷಣದಲ್ಲೂ ಸಿಗುತ್ತದೆ. ಆದರೆ ಹದಿನೇಳರ ಹುಡುಗ ಶುರುಮಾಡುವ ವಾಚನಾಲಯಗಳು ನಮ್ಮಲ್ಲೂ ಊರಿಗೊಂದು ಇದ್ದವು. ಹುಡುಗನಿಗೆ ಕೆಲಸ ಸಿಕ್ಕಿ ಊರು ಬಿಟ್ಟ ವರ್ಷ ಬಾಗಿಲು ಮುಚ್ಚಿದವು. ಪಣಿಕ್ಕರ್ ಮಾಡಿದ್ದರಲ್ಲಿ ದೊಡ್ಡದು ಮೊದಲ ಲೈಬ್ರರಿ ಅಲ್ಲ. ಶುರುಮಾಡಿದವನು ಇಲ್ಲದಿದ್ದರೂ ಸಂಜೆ ಬಾಗಿಲು ತೆರೆಯುವಂಥ ಏರ್ಪಾಡು. ಅದರಲ್ಲಿ ಅರ್ಧಪಾಲು ಸಂಘಟನೆ, ಇನ್ನರ್ಧ ದಿನನಿತ್ಯದ ಸಣ್ಣ ಕೆಲಸ. ಇವತ್ತಿನ ಮಾತು ಹೆಚ್ಚಾಗಿ ಆ ಸಣ್ಣ ಕೆಲಸದ ಬಗ್ಗೆ.

ಪುಸ್ತಕ ಕೂಡಿಸುವುದರಿಂದ ಹಿಡಿಯೋಣ. ‘ಪುಸ್ತಕ ದಾನ ಮಾಡಿ’ ಎಂದು ಬೋರ್ಡ್ ಹಾಕಿದರೆ ಬರುವುದೇನು ಎಂದು ಎಲ್ಲ ಲೈಬ್ರರಿಯನ್ನರಿಗೂ ಗೊತ್ತು: ಬದಲಾದ ಪಠ್ಯಕ್ರಮದ ಗೈಡುಗಳು, ಹತ್ತು ವರ್ಷದ ಹಿಂದಿನ ಸ್ಪರ್ಧಾ ಪರೀಕ್ಷೆಯ ಪುಸ್ತಕಗಳು, ಮೊದಲ ಸಂಪುಟವಿಲ್ಲದ ಎರಡನೆಯ ಸಂಪುಟ. ಮನೆ ಗುಡಿಸಿದ ಕಸ ನಮ್ಮ ಕಪಾಟಿಗೆ ಬಂದಂತಾಗುತ್ತದೆ. ಅದರ ಬದಲು ಬೇಕಾದ ನಲವತ್ತು ಐವತ್ತು ಪುಸ್ತಕಗಳ ಪಟ್ಟಿ ಮಾಡಿ, ಬೆಲೆ ಬರೆದು, ಮನೆಗೊಂದರಂತೆ ಕೇಳಿ. ಇನ್ನೂರು ರೂಪಾಯಿಯ ಒಂದು ಪುಸ್ತಕ ಕೊಡಿ ಎಂದರೆ ಕೊಡುವವರು, ಲೈಬ್ರರಿಗೆ ಏನಾದರೂ ಕೊಡಿ ಎಂದರೆ ಕೊಡುವವರಿಗಿಂತ ಹೆಚ್ಚು. ಪುಸ್ತಕದೊಳಗೆ ಕೊಟ್ಟವರ ಹೆಸರಿನ ಚೀಟಿ ಅಂಟಿಸಿ. ಅವರ ಮಕ್ಕಳು ಅದನ್ನು ಹುಡುಕಿಕೊಂಡು ಬರುತ್ತಾರೆ, ಸದಸ್ಯರೂ ಆಗುತ್ತಾರೆ.

ಇಲ್ಲೊಂದು ಎಚ್ಚರ. ತೀರಿಕೊಂಡ ಹಿರಿಯರ ಇಡೀ ಸಂಗ್ರಹವನ್ನು ಕಪಾಟಿನ ಸಮೇತ ಕೊಡುವ ಮನೆಗಳಿವೆ. ಒಳ್ಳೆಯದೇ. ಆದರೆ ಆ ಕಪಾಟು ಬೇರೆಯೇ ಇರಬೇಕು, ಒಂದನ್ನೂ ಹೊರಗೆ ಕೊಡಬಾರದು ಎಂಬ ಷರತ್ತು ಇದ್ದರೆ ಬೇಡ ಎನ್ನುವ ಧೈರ್ಯ ಸಮಿತಿಗೆ ಬೇಕು. ‘ಕೊಟ್ಟ ಪುಸ್ತಕ ಲೈಬ್ರರಿಯ ಸ್ವತ್ತು, ಎಲ್ಲಿಡಬೇಕು, ಯಾರಿಗೆ ಕೊಡಬೇಕು, ಯಾವುದನ್ನು ವಿಲೇವಾರಿ ಮಾಡಬೇಕು ಎಂಬುದು ಸಮಿತಿಯ ತೀರ್ಮಾನ’ ಎಂದು ಎರಡು ಸಾಲು ಬರೆಸಿಕೊಂಡರೆ ಮುಂದೆ ಮನಸ್ತಾಪವಿಲ್ಲ.

ಇನ್ನು ಅಕ್ಸೆಶನ್ ರಿಜಿಸ್ಟರ್, ಅಂದರೆ ಲೈಬ್ರರಿಗೆ ಬಂದ ಪ್ರತಿ ಪುಸ್ತಕವನ್ನೂ ದಾಖಲಿಸುವ ವಹಿ. ಉದ್ದನೆಯ, ಗಟ್ಟಿ ರಟ್ಟಿನ, ಪುಟಸಂಖ್ಯೆ ಅಚ್ಚಾದ ವಹಿ. ಕಂಪ್ಯೂಟರ್ ಬಂದ ಮೇಲೂ ಇದನ್ನು ಬಿಡಬೇಡಿ. ಕಂಪ್ಯೂಟರು ಕೆಟ್ಟ ದಿನ ಲೈಬ್ರರಿಯಲ್ಲಿ ಏನಿತ್ತು ಎಂದು ಹೇಳುವ ದಾಖಲೆ ಇದೊಂದೇ. ಕಾಲಂಗಳು ಹೀಗಿರಲಿ: ತಾರೀಖು, ಕ್ರಮಸಂಖ್ಯೆ, ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಪುಟ, ಬೆಲೆ, ಬಂದ ಮೂಲ, ಬಿಲ್ ಸಂಖ್ಯೆ, ತೆಗೆದುಹಾಕಿದ ತಾರೀಖು, ಷರಾ. ಒಂದು ಪುಸ್ತಕಕ್ಕೆ ಒಂದು ಸಾಲು. ಅದೇ ಪುಸ್ತಕದ ಮೂರು ಪ್ರತಿ ಬಂದರೆ ಮೂರು ಸಾಲು, ಮೂರು ಸಂಖ್ಯೆ. ಆ ಸಂಖ್ಯೆಯನ್ನು ಹೆಸರಿನ ಪುಟದ ಹಿಂಬದಿಯಲ್ಲಿ ಮತ್ತು ಒಳಗೆ ಗೊತ್ತುಮಾಡಿಕೊಂಡ ಒಂದು ಪುಟದಲ್ಲಿ ಬರೆದು ಮೊಹರು ಒತ್ತಬೇಕು. 31ನೆಯ ಪುಟ ಎಂದಿಟ್ಟುಕೊಂಡರೆ ಎಲ್ಲ ಪುಸ್ತಕದಲ್ಲೂ 31ನೆಯ ಪುಟವೇ. ಮೊದಲ ಪುಟ ಹರಿದು ಹಳೆ ಪುಸ್ತಕದಂಗಡಿಗೆ ಹೋದ ಪುಸ್ತಕವನ್ನೂ ಗುರುತಿಸಬಹುದು.

ಹೆಚ್ಚಾಗಿ ಆಗುವ ತಪ್ಪು ಒಂದೇ. ಕಳೆದುಹೋದ ಪುಸ್ತಕದ ಸಂಖ್ಯೆ ಖಾಲಿಯಾಗಿದೆಯಲ್ಲ ಎಂದು ಅದನ್ನು ಹೊಸ ಪುಸ್ತಕಕ್ಕೆ ಕೊಡುವುದು. ಹಾಗೆ ಮಾಡಿದ ದಿನದಿಂದ ರಿಜಿಸ್ಟರ್ ಸುಳ್ಳು ಹೇಳತೊಡಗುತ್ತದೆ. ಹೋದ ಪುಸ್ತಕದ ಸಾಲಿಗೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದು, ಷರಾ ಬರೆದು, ಸಮಿತಿಯ ನಿರ್ಣಯದ ತಾರೀಖು ಹಾಕಿ. ವೈಟ್ನರ್ ಹಚ್ಚಬೇಡಿ. ಸಂಖ್ಯೆ ಅಲ್ಲಿಗೆ ಮುಗಿಯಿತು.

ಈ ಕಳೆದುಹೋಗುವ ಮಾತಿಗೆ ಸ್ವಲ್ಪ ನಿಲ್ಲೋಣ, ಏಕೆಂದರೆ ಲೈಬ್ರರಿಗಳನ್ನು ಕೊಲ್ಲುವುದು ಗೆದ್ದಲಿಗಿಂತ ಹೆಚ್ಚಾಗಿ ಈ ಭಯ. ಪುಸ್ತಕ ಹೋದರೆ ತನ್ನ ಕೈಯಿಂದ ಕಟ್ಟಬೇಕಾದೀತು ಎಂದು ಹೆದರಿದವರು ಕಪಾಟಿಗೆ ಬೀಗ ಹಾಕುತ್ತಾರೆ. ಗಾಜಿನ ಹಿಂದೆ ಬೆನ್ನು ಮಾತ್ರ ಕಾಣುವ ಪುಸ್ತಕವನ್ನು ಕೇಳಿ ಪಡೆಯುವ ಓದುಗ ಎಷ್ಟು ಜನ? ಕೇಂದ್ರ ಸರಕಾರದ ಸಾಮಾನ್ಯ ಹಣಕಾಸು ನಿಯಮಗಳೇ ಈ ಬಗ್ಗೆ ಉದಾರವಾಗಿವೆ. ವರ್ಷದಲ್ಲಿ ಎರವಲು ಹೋದ ಅಥವಾ ಅಲ್ಲೇ ಓದಿದ ಪ್ರತಿ 1000 ಪುಸ್ತಕಕ್ಕೆ 5 ಪುಸ್ತಕ ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆ ಅಥವಾ ಅಲಕ್ಷ್ಯ ಕಾರಣವಾಗಿರಬಾರದು ಅಷ್ಟೆ. ನಿಮ್ಮ ಸಂಘದ ಬೈಲಾಕ್ಕೆ ಆ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ಆದರೆ ಅಂಥದ್ದೇ ಒಂದು ನಿರ್ಣಯವನ್ನು ಸಮಿತಿಯ ಸಭೆಯಲ್ಲಿ ಬರೆದಿಟ್ಟರೆ ಲೈಬ್ರರಿಯನ್ನರ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಗಮನಿಸಿ: ಲೆಕ್ಕ ಇರುವುದು ಒಟ್ಟು ಪುಸ್ತಕದ ಮೇಲಲ್ಲ, ಓದಿದ ಪುಸ್ತಕದ ಮೇಲೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ಕಳೆಯುವ ಅವಕಾಶ. ಇಶ್ಯೂ ರಿಜಿಸ್ಟರ್ ಸರಿಯಾಗಿ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಅದೇ ನಿಯಮದ ಪ್ರಕಾರ 20,000ದೊಳಗೆ ಪುಸ್ತಕವಿರುವ ಲೈಬ್ರರಿ ವರ್ಷಕ್ಕೊಮ್ಮೆ ಪೂರ್ತಿ ಎಣಿಸಬೇಕು. ಮೂರು ಸಾವಿರ ಪುಸ್ತಕವಿದ್ದರೆ ನಾಲ್ಕು ಜನಕ್ಕೆ ಒಂದು ಭಾನುವಾರದ ಕೆಲಸ. ಇಬ್ಬರು ಕಪಾಟಿನಿಂದ ಸಂಖ್ಯೆ ಕೂಗುವುದು, ಇಬ್ಬರು ರಿಜಿಸ್ಟರಿನಲ್ಲಿ ಪೆನ್ಸಿಲ್ ಗುರುತು ಹಾಕುವುದು. ಹೊರಗೆ ಹೋದ ಪುಸ್ತಕಗಳನ್ನು ಮೊದಲೇ ಗುರುತಿಸಿಕೊಂಡಿರಬೇಕು. ಇಲ್ಲದಿದ್ದರೆ ಸಂಜೆ ಹೊತ್ತಿಗೆ ಇನ್ನೂರು ಪುಸ್ತಕ ಕಾಣೆಯಾದಂತೆ ಕಂಡು ಜಗಳ ಶುರುವಾಗುತ್ತದೆ. ಮಧ್ಯಾಹ್ನದ ಊಟ ಮಾತ್ರ ಸಮಿತಿಯ ಖರ್ಚಿನಲ್ಲಿ.

ಎರವಲು ಕೊಡುವ ಪದ್ಧತಿ ಸರಳವಾಗಿದ್ದಷ್ಟೂ ಉಳಿಯುತ್ತದೆ. ಸದಸ್ಯರಿಗೊಂದು ಪುಟ, ಅಥವಾ ಪುಸ್ತಕಕ್ಕೊಂದು ಕಾರ್ಡ್. ಇನ್ನೂರಕ್ಕಿಂತ ಕಡಿಮೆ ಸದಸ್ಯರಿದ್ದರೆ ಪುಟದ ಪದ್ಧತಿ ಸಾಕು. ಹೆಚ್ಚಿದ್ದರೆ ಕಾರ್ಡ್: ಪುಸ್ತಕದ ಕಾರ್ಡನ್ನು ಸದಸ್ಯರ ಸಣ್ಣ ಲಕೋಟೆಯೊಳಗೆ ಸೇರಿಸಿ, ಹಿಂತಿರುಗಿಸುವ ತಾರೀಖಿನ ಹಿಂದೆ ಟ್ರೇಯಲ್ಲಿ ನಿಲ್ಲಿಸುವುದು. ಯಾರದ್ದು ತಡವಾಗಿದೆ ಎಂದು ಟ್ರೇ ನೋಡಿದರೆ ಸಾಕು. ದಂಡ ಎಷ್ಟಿಡಬೇಕು ಎಂದು ಕೇಳುತ್ತಾರೆ. ಕಡಿಮೆ ಇಡಿ, ಅದಕ್ಕೊಂದು ಮಿತಿಯೂ ಇರಲಿ. ನೂರು ರೂಪಾಯಿಯ ಪುಸ್ತಕಕ್ಕೆ ನೂರೈವತ್ತು ದಂಡ ಬೆಳೆದರೆ ಪುಸ್ತಕವೂ ಬರುವುದಿಲ್ಲ, ಓದುಗನೂ ಬರುವುದಿಲ್ಲ. ದಾರಿಯಲ್ಲಿ ಸಿಕ್ಕರೆ ಮುಖ ತಪ್ಪಿಸುತ್ತಾನೆ.

ಪಣಿಕ್ಕರ್ ಘೋಷಣೆ ‘ವಾಯಿಚ್ಚು ವಳರುಗ’. ಓದಿ ಬೆಳೆಯಿರಿ ಎಂದು. ಆ ‘ವಳರ್’ ನಮ್ಮ ‘ಬೆಳೆ’ಯ ಒಡಹುಟ್ಟೇ, ಹಾಗಾಗಿ ಅನುವಾದಕ್ಕೆ ಹೆಚ್ಚು ಕಷ್ಟವಿಲ್ಲ. ಸಂಘದ ಬೆಳ್ಳಿಹಬ್ಬದ ಹೊತ್ತಿಗೆ ಈ ಮಾತು ಹಿಡಿದುಕೊಂಡು ತೆಂಕಣ ತುದಿಯ ಪಾರಶ್ಶಾಲೆಗೂ ಇಲ್ಲಿಯ ಕಾಸರಗೋಡಿಗೂ ನಡುವೆ ಸಾಂಸ್ಕೃತಿಕ ಜಾಥಾ ನಡೆಯಿತು. ಆದರೆ ಓದಲು ಬಾರದವನಿಗೆ ‘ಓದಿ ಬೆಳೆ’ ಎಂದರೆ ಏನು? ಗ್ರಂಥಾಲಯ ಚಳವಳಿ ಅಕ್ಷರ ಚಳವಳಿಯ ಕಡೆಗೆ ತಿರುಗಿದ್ದು ಈ ಪ್ರಶ್ನೆಯಿಂದ. ಓದಲು ಬರುವ ಒಬ್ಬರು ಸಂಜೆ ಪತ್ರಿಕೆ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಆಮೇಲೆ ಹಲಗೆ ಬಳಪ. ಕಾನ್‌ಫೆಡ್ ಕೆಲಸವೂ ಈ ಜಾಡಿನದೇ. 1991ರ ಏಪ್ರಿಲ್ 18ರಂದು ಕೇರಳವನ್ನು ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಿದಾಗ ಪಣಿಕ್ಕರ್ ಅವರಿಗೆ 82 ವರ್ಷ.

ಅಕ್ಷರ ಕಲಿಸಿದ ಮೇಲೆ ಆಗುವ ಅನಾಹುತವನ್ನು ಲೈಬ್ರರಿಯವರು ತಿಳಿದಿರಬೇಕು. ಅಕ್ಷರ ಕಲಿಸುವ ಪ್ರೈಮರ್ ಮುಗಿಸಿದ ಅಮ್ಮನಿಗೆ ಮುಂದಿನ ಪುಸ್ತಕ ಯಾವುದು? ಕಾದಂಬರಿ ದೂರ. ಮಕ್ಕಳ ಪುಸ್ತಕ ಕೊಟ್ಟರೆ ಅವಮಾನ. ನಡುವೆ ಏನೂ ಇಲ್ಲದೆ ಆರು ತಿಂಗಳಲ್ಲಿ ಕಲಿತದ್ದು ಮರೆತುಹೋಗುತ್ತದೆ. ಆದ್ದರಿಂದ ಒಂದು ಕಪಾಟಿನ ಒಂದು ಅಡ್ಡಹಲಗೆಯನ್ನಾದರೂ ಇದಕ್ಕೆ ಮೀಸಲಿಡಿ: ದಪ್ಪ ಅಕ್ಷರ, ಮೂವತ್ತು ನಲವತ್ತು ಪುಟ, ವಿಷಯ ದೊಡ್ಡವರದ್ದು. ಅಡಿಕೆ ರೋಗ, ಬೀಡಿ ಕಾರ್ಮಿಕರ ಪಿಂಚಣಿ, ಸಕ್ಕರೆ ಕಾಯಿಲೆಯ ಊಟ, ಯಕ್ಷಗಾನ ಪ್ರಸಂಗದ ಕತೆ. ಅಂಥ ಪುಸ್ತಕ ಸಿಗದಿದ್ದರೆ ದಪ್ಪ ಅಕ್ಷರದಲ್ಲಿ ಬರೆದ ಗೋಡೆಪತ್ರಿಕೆ ವಾರಕ್ಕೊಂದು.

ಲೈಬ್ರರಿಗೆ ಬರಲಾರದವರ ಮನೆಗೆ ಪುಸ್ತಕ ಹೋಗಬೇಕು. ಹಳೆಯ ಗ್ರಂಥಶಾಲಾ ಸಂಘದ ಜಾಗಕ್ಕೆ ಬಂದ ಕೇರಳದ ಲೈಬ್ರರಿ ಕೌನ್ಸಿಲ್ ಮಹಿಳೆಯರಿಗೂ ವೃದ್ಧರಿಗೂ ಮನೆ ಬಾಗಿಲಿಗೆ ಪುಸ್ತಕ ಕೊಡುವ ಯೋಜನೆ ನಡೆಸುತ್ತದೆ. ಅದು ಎಲ್ಲಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಚೀಲದಲ್ಲೇ ತಿಳಿಯುತ್ತದೆ. ಹೆಗಲಿಗೆ ಹಾಕುವ ಬಟ್ಟೆ ಚೀಲದಲ್ಲಿ ಇಪ್ಪತ್ತು ಇಪ್ಪತ್ತೈದಕ್ಕಿಂತ ಹೆಚ್ಚು ಹೊರಬೇಡಿ. ಗುಡ್ಡ ಹತ್ತಿ ಇಳಿಯುವ ನಮ್ಮ ಕಡೆ ಅಷ್ಟೇ ಜಾಸ್ತಿ. ಒಂದು ದಾರಿಗೆ ವಾರದ ಒಂದು ದಿನ ನಿಗದಿಯಾಗಿರಲಿ. ಮಂಗಳವಾರ ಎಂದರೆ ಮಂಗಳವಾರವೇ, ಮಳೆ ಬಂದರೂ. ಎರಡು ಸಲ ತಪ್ಪಿದರೆ ಮನೆಯವರು ಕಾಯುವುದು ಬಿಡುತ್ತಾರೆ, ಆ ಮೇಲೆ ನೀವು ಹೋದರೂ ಪುಸ್ತಕ ಎಲ್ಲಿಟ್ಟಿದ್ದಾರೆಂದು ಹುಡುಕುವುದೇ ಆಗುತ್ತದೆ. ಅತ್ತೆ ಏನು ಓದಿದರು, ಸೊಸೆಗೆ ಏನು ಬೇಕು ಎಂಬುದನ್ನು ಸಣ್ಣ ಡೈರಿಯಲ್ಲಿ ಬರೆದುಕೊಳ್ಳಿ. ಒಬ್ಬರಿಗೆ ಕೊಟ್ಟ ಪುಸ್ತಕವನ್ನೇ ಎರಡನೆಯ ಸಲ ಕೊಟ್ಟರೆ ಆ ಮನೆಯಲ್ಲಿ ನಿಮ್ಮ ಮರ್ಯಾದೆ ಮುಗಿಯಿತು. ಇಸ್ಕೊಂಡ ಪುಸ್ತಕ ಪಕ್ಕದ ಮನೆಗೆ ದಾಟುವುದು ಮಾತ್ರ ತಪ್ಪಲ್ಲ, ಡೈರಿಯಲ್ಲಿ ಬರೆದರೆ ಸಾಕು.

ಈಗ ಮಳೆ. ಕುಟ್ಟನಾಡಿನವರಿಗೂ ನಮಗೂ ಇದು ಸಮಾನ ಶತ್ರು. ಕಪಾಟು ಗೋಡೆಗೆ ತಾಗಿರಬಾರದು, ಕನಿಷ್ಠ ಮೂರು ಇಂಚು ಬಿಡಿ. ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲೆ. ಪುಸ್ತಕ ಒತ್ತೊತ್ತಾಗಿ ತುರುಕಿದರೆ ನಡುವೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ, ಎಳೆಯುವಾಗ ಬೆನ್ನೂ ಕಿತ್ತುಬರುತ್ತದೆ. ಬೇವಿನ ಎಲೆ ಇಡುವವರಿದ್ದಾರೆ. ಪೂರ್ತಿ ಒಣಗಿದ್ದರೆ ಇಡಿ. ಹಸಿ ಎಲೆ ಇಟ್ಟರೆ ತೇವವನ್ನು ನೀವೇ ಒಳಗೆ ಕಳುಹಿಸಿದಂತೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬಿಸಿಲು ಬಿದ್ದ ಹೊತ್ತಲ್ಲಿ, ಕಿಟಕಿ ಬಾಗಿಲು ತೆರೆದು ಕೆಳಗಿನ ಎರಡು ಹಲಗೆಯ ಪುಸ್ತಕ ತೆಗೆದು ಹಿಂದೆ ಕೈಯಾಡಿಸಿ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಪುಟದ ಮೇಲ್ಪದರ ಅಲ್ಲಲ್ಲಿ ಕೆರೆದು ತೆಳ್ಳಗಾಗಿದ್ದರೆ ಬೆಳ್ಳಿ ಬಣ್ಣದ ಮೀನಿನಾಕಾರದ ಹುಳ. ಅದಕ್ಕೆ ಗಂಜಿ, ಅಂಟು ಇಷ್ಟ.

ಪುಸ್ತಕ ಒದ್ದೆಯಾದರೆ ಎರಡು ದಿನದೊಳಗೆ ಒಣಗಿಸಬೇಕು. ಅದಕ್ಕಿಂತ ತಡವಾದರೆ ಬೂಷ್ಟು ಬಂದೇ ಬರುತ್ತದೆ. 2018ರ ಆಗಸ್ಟಿನ ನೆರೆಯಲ್ಲಿ ಕುಟ್ಟನಾಡು ಮುಳುಗಿದಾಗ ನೀರು ಇಳಿಯಲೇ ದಿನಗಟ್ಟಲೆ ಹಿಡಿಯಿತು, ಅಂಥಲ್ಲಿ ಏನೂ ಮಾಡುವಂತಿಲ್ಲ. ಆದರೆ ಹೆಂಚು ಸರಿದು ಸೋರಿದ್ದಕ್ಕೆ ಮಾಡಬಹುದು. ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ನೆಟ್ಟಗೆ ನಿಲ್ಲಿಸಿ, ಫ್ಯಾನ್ ಗಾಳಿ ಕೊಡಿ. ಇಪ್ಪತ್ತು ಮೂವತ್ತು ಪುಟಕ್ಕೊಂದು ಬಿಳಿ ಕಾಗದ ಸೇರಿಸಿ, ಒದ್ದೆಯಾದಂತೆ ಬದಲಿಸಿ. ನ್ಯೂಸ್‌ಪೇಪರ್ ಬೇಡ, ಶಾಯಿ ಅಂಟುತ್ತದೆ. ಬಿಸಿಲಿಗೆ ಹಾಕಬೇಡಿ, ಕಾಗದ ಹಳದಿಯಾಗಿ ರಟ್ಟು ಹಪ್ಪಳದಂತೆ ಬಾಗುತ್ತದೆ. ಮುಕ್ಕಾಲು ಒಣಗಿದ ಮೇಲೆ ಹಲಗೆಯಡಿ ಭಾರ ಹೇರಿ. ನುಣುಪು ಆರ್ಟ್ ಪೇಪರಿನ ಪುಸ್ತಕವಾದರೆ ಪುಟ ಪುಟವಾಗಿ ಒದ್ದೆಯಿರುವಾಗಲೇ ಬಿಡಿಸಿ. ಒಣಗಿದರೆ ಇಟ್ಟಿಗೆ.

ರಿಪೇರಿಗೆ ಸೆಲ್ಲೋಟೇಪ್ ಮುಟ್ಟಬೇಡಿ. ಕೆಲವೇ ವರ್ಷದಲ್ಲಿ ಟೇಪು ಉದುರಿ, ಅಂಟು ಮಾತ್ರ ಕಂದು ಕಲೆಯಾಗಿ ಉಳಿದು ಪಕ್ಕದ ಪುಟವನ್ನೂ ಹಿಡಿಯುತ್ತದೆ. ಮೈದಾ ಅಂಟು ಸಾಕು: ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು, ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಪಾರದರ್ಶಕವಾಗುವ ತನಕ ಕಾಯಿಸಿ ಇಳಿಸಿ. ಹುಳ, ಬೂಷ್ಟು ಬಾರದಂತೆ ಚಿಟಿಕೆ ಮೈಲುತುತ್ತು ಬೇರೆ ಪ್ಲಾಸ್ಟಿಕ್ ಲೋಟದಲ್ಲಿ ಕರಗಿಸಿ ಆಮೇಲೆ ಬೆರೆಸಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಗೆ ಅದು ಆಗದು. ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ ಮನೆಗಳಲ್ಲಿ ಮೈಲುತುತ್ತು ಇದ್ದೇ ಇರುತ್ತದೆ. ವಿಷ, ಮಕ್ಕಳ ಕೈಗೆ ಸಿಗದಿರಲಿ.

ಸಂಘಟನೆಯ ಮಾತಿಗೆ ಬರೋಣ. 47 ಲೈಬ್ರರಿಗಳು ಒಂದಾಗಿದ್ದರಿಂದ ಆದದ್ದೇನು? ಒಂಟಿ ವಾಚನಾಲಯಕ್ಕೆ ಸರಕಾರದ ಬಾಗಿಲು ತೆರೆಯುವುದಿಲ್ಲ, ಸಂಘಕ್ಕೆ ತೆರೆಯಿತು. ತಿರುವಾಂಕೂರಿಗೆ ಗ್ರಂಥಾಲಯ ಕಾಯ್ದೆ ಇರಲಿಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಶ್ರಮದಿಂದ ಬಂದ 1948ರ ಮದರಾಸು ಕಾಯ್ದೆ ಮಲಬಾರಿಗೂ, ಆಗಿನ ದಕ್ಷಿಣ ಕನ್ನಡದೊಳಗಿದ್ದ ಕಾಸರಗೋಡಿಗೂ ಇತ್ತು. ಕರ್ನಾಟಕದಲ್ಲಿ 1965ರಲ್ಲೇ ಕಾಯ್ದೆ ಆಯಿತು, ಇಲಾಖೆ ಬಂತು, ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಬಂತು. ಕೇರಳ ಇಡೀ ರಾಜ್ಯಕ್ಕೆ ಕಾಯ್ದೆ ಮಾಡಿದ್ದು 1989ರಲ್ಲಿ, ಅದರಲ್ಲಿ ಕರ ಶೇ. 5. ಅಂದರೆ ಅಲ್ಲಿ ಜನ ಮೊದಲು ಬಂದರು, ಕಾಯ್ದೆ ನಾಲ್ಕು ದಶಕದ ಮೇಲೆ. ಕರ್ನಾಟಕದಲ್ಲಿ ಕಾಯ್ದೆ ಮೊದಲು. ಈ ಹಿಂದುಮುಂದು ಇವತ್ತಿಗೂ ಕಾಣುತ್ತದೆ. ಕೇರಳದ ಹಳ್ಳಿ ಲೈಬ್ರರಿ ಊರವರ ಸಂಘದ್ದು. ಕೌನ್ಸಿಲಿಗೆ ಸೇರಿ, ಪುಸ್ತಕ, ಸದಸ್ಯರು, ಚಟುವಟಿಕೆ ನೋಡಿ ಗ್ರೇಡ್ ಪಡೆದು, ಅದರಂತೆ ಅನುದಾನ ಪಡೆಯುತ್ತದೆ. ತಾಲೂಕು, ಜಿಲ್ಲೆ, ರಾಜ್ಯ ಮಟ್ಟದ ಕೌನ್ಸಿಲಿಗೆ ಚುನಾವಣೆ. ಕರ್ನಾಟಕದ ಹಳ್ಳಿ ಲೈಬ್ರರಿ ಸರಕಾರದ್ದು. 2019ರಲ್ಲಿ ಇಲಾಖೆಯಿಂದ ಗ್ರಾಮ ಪಂಚಾಯತಿಗೆ ಬಂತು, ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. 2020ರ ‘ಓದುವ ಬೆಳಕು’ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು.

ಯಾವುದು ಮೇಲು? ಊರವರ ಲೈಬ್ರರಿಯಲ್ಲಿ ಸಮಿತಿ ಚುರುಕಾಗಿದ್ದರೆ ಎಲ್ಲ ಚಂದ. ರಾಜಕೀಯ ಹೊಕ್ಕರೆ ಬಾಗಿಲಿಗೆ ಎರಡು ಬೀಗ. ಸರಕಾರದ್ದರಲ್ಲಿ ಸಂಬಳ, ಪುಸ್ತಕ ಒಂದಷ್ಟು ಖಾತರಿ, ಆದರೆ ವಸೂಲಾದ ಕರ ಗ್ರಂಥಾಲಯದ ತನಕ ತಲುಪದೆ ಬಾಕಿಯಾಗುವ ದೂರು ಹಳೆಯದು. ಊರವರಿಗೂ ಅದು ‘ಅವರ ಲೈಬ್ರರಿ’, ‘ನಮ್ಮದು’ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ ಅರಿವು ಕೇಂದ್ರಕ್ಕೆ ಬೇಕಿರುವುದು ಇಂಥ ಒಂದು ಊರ ಸಮಿತಿ, ವಾಚನಾಲಯಕ್ಕೆ ಬೇಕಿರುವುದು ಅಂಥ ಒಂದು ಖಾಯಂ ಸಂಬಳ.

ಕಡೆಗೆ, ಲೈಬ್ರರಿಯನ್ ನಿವೃತ್ತರಾದಾಗ ಅಥವಾ ಹಠಾತ್ತಾಗಿ ತೀರಿಕೊಂಡಾಗ ಏನು ಮಾಡಬೇಕು ಎಂಬ ಪ್ರಶ್ನೆ. ಸನ್ಮಾನವೋ ಶ್ರದ್ಧಾಂಜಲಿಯೋ ಆಗಲಿ. ಆದರೆ ಅದಕ್ಕೆ ಮೊದಲು ಪಟ್ಟಿ. ಬೀಗದ ಕೈಗಳು, ಒಂದು ಜೊತೆ ಕಾರ್ಯದರ್ಶಿಯ ಮನೆಯಲ್ಲಿ. ಇಬ್ಬರ ಸಹಿಯ ಬ್ಯಾಂಕ್ ಖಾತೆ, ಒಬ್ಬರದ್ದೇ ಇದ್ದರೆ ಇವತ್ತೇ ಬದಲಿಸಿ. ಸಂಘದ ನೋಂದಣಿ ಕಾಗದ, ಕರೆಂಟ್ ಬಿಲ್ಲಿನ ಗ್ರಾಹಕ ಸಂಖ್ಯೆ, ಪತ್ರಿಕೆ ಹಾಕುವವನ ಬಾಕಿ. ಹೊರಗಿರುವ ಪುಸ್ತಕಗಳ ಪಟ್ಟಿ. ಮನೆದಾರಿಯ ಡೈರಿ ತಪ್ಪದೆ, ಅದರಲ್ಲಿರುವುದು ಬೇರೆಲ್ಲೂ ಇಲ್ಲ. ಹೊಸಬರು ಅಕ್ಸೆಶನ್ ರಿಜಿಸ್ಟರಿನ ಕೊನೆಯ ಸಾಲಿನ ಕೆಳಗೆ ‘ಈ ಸಂಖ್ಯೆಯವರೆಗೆ ಎಣಿಸಿ ವಹಿಸಿಕೊಂಡಿದ್ದೇನೆ, ಇಷ್ಟು ಇಲ್ಲ’ ಎಂದು ತಾರೀಖಿನ ಸಮೇತ ಬರೆದು ಸಹಿ ಹಾಕಬೇಕು, ಪಕ್ಕದಲ್ಲಿ ಸಮಿತಿಯ ಒಬ್ಬರ ಸಹಿ. ಎಣಿಕೆಗೆಂದು ವಾರಗಟ್ಟಲೆ ಮುಚ್ಚಬೇಡಿ. ಅದೇ ಸಂಜೆ ಐದಕ್ಕೆ ಬಾಗಿಲು ತೆರೆದು, ಬಂದ ಮೊದಲ ಓದುಗರಿಗೆ ಒಂದು ಪುಸ್ತಕ ಕೊಟ್ಟು, ಇಶ್ಯೂ ರಿಜಿಸ್ಟರಿನಲ್ಲಿ ಅವತ್ತಿನ ತಾರೀಖು ಬರೆಯಿರಿ.